ಆ ಸ್ಟವ್

ಮೊನ್ನೆ ರಾತ್ರಿ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋದೆ. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ನೋಡಿದೆ. ಮಾಡಿಯೇ ಇದ್ದೆ. ಮತ್ತೆ ಬಂದು ಕೂತರೂ ಓದೋಕೆ ಆಗಲಿಲ್ಲ.

ಅದು ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆ. 2025ರಲ್ಲಿ ಈ ಕಥೆಯೂ ಇರುವ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ, ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಮೇಲೆ ನಾನು ಕನ್ನಡದ್ದನ್ನೇ ಹುಡುಕಿ ತಂದಿದ್ದೆ. ಗಂಡ ಬೇರೆ ಹೆಂಗಸಿನ ಹಿಂದೆ ಹೋದ ಮೇಲೆ ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಒಡಹುಟ್ಟಿದವರೇ ಅವಳನ್ನು ವಾಪಸ್ ಬಿಟ್ಟು ಬರುತ್ತಾರೆ. ಅವತ್ತು ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ದೊಡ್ಡ ಮಗಳು ಓಡಿ ಬಂದು ತಡೆಯುತ್ತಾಳೆ. ನನಗೆ ಗಂಡನಿಗಿಂತ ಆ ತವರಿನವರ ಮೇಲೇ ಜಾಸ್ತಿ ಸಿಟ್ಟು ಬಂತು.

‘ಯಾಕೆ ಇಂಥವನ್ನೇ ಓದ್ತೀಯ, ಮನಸ್ಸಿಗೆ ಹಿತ ಅನ್ನಿಸೋದು ಓದಬಾರದಾ?’ ಅಂತ ನನ್ನ ತಂಗಿ ಕೇಳುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದರು. ಅದನ್ನು ಓದಿ ಪೇಪರ್ ಮಡಚಿಟ್ಟು ಸಾರಿಗೆ ಒಗ್ಗರಣೆ ಹಾಕಿದ್ದೆ. ಕಥೆ ಹಾಗೆ ಬಿಡುವುದಿಲ್ಲ. ನನ್ನನ್ನು ಎಳೆದುಕೊಂಡು ಹೋಗಿ ಶ್ರೀರಾಮಪುರದ ಆ ವಠಾರದಲ್ಲಿ ನಿಲ್ಲಿಸುತ್ತದೆ.

1991. ನನಗೆ ಒಂಬತ್ತು ವರ್ಷ. ಎದುರು ಮನೆಗೆ ಸೊಸೆಯಾಗಿ ಬಂದ ಅಕ್ಕ ನನಗೆ ಜಡೆ ಹಾಕಿ ಕನಕಾಂಬರ ಮುಡಿಸುತ್ತಿದ್ದಳು. ಒಂದಿನ ಸ್ಕೂಲಿಂದ ಬಂದಾಗ ನಲ್ಲಿ ಹತ್ತಿರ ಹೆಂಗಸರೆಲ್ಲ ನಿಂತಿದ್ದರು. ‘ಸ್ಟವ್ ಸಿಡೀತಂತೆ.’ ಅಷ್ಟೇ ಮಾತು. ಅಕ್ಕ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ನಾಲ್ಕೈದು ದಿನ ಆದ ಮೇಲೆ ಅವರ ಮನೆ ಕಟ್ಟೆಯ ಮೇಲೆ ಪಂಪ್ ಸ್ಟವ್ ತೊಳೆದು ಒಣಗಲು ಇಟ್ಟಿದ್ದರು. ಹಿತ್ತಾಳೆ ಟ್ಯಾಂಕು ಹೊಳೆಯುತ್ತಿತ್ತು. ಒಂದು ನಗ್ಗೂ ಇಲ್ಲ, ಬಿರುಕೂ ಇಲ್ಲ. ಮೂರು ಕಾಲೂ ನೆಟ್ಟಗಿದ್ದವು. ‘ಅಮ್ಮಾ, ಇದು ಸಿಡಿದೇ ಇಲ್ವಲ್ಲಾ’ ಅಂದೆ. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ದಬ್ಬಿದಳು. ‘ಬಾಯಿ ಮುಚ್ಕೊಂಡು ನಡಿ.’

ಅವಳ ಮದುವೆಯಾಗಿ ಮೂರು ವರ್ಷವೂ ಆಗಿರಲಿಲ್ಲ. ಮದುವೆಯಾದ 7 ವರ್ಷದೊಳಗಿನ ಇಂಥ ಸಾವುಗಳಿಗೆಂದೇ ವರದಕ್ಷಿಣೆ ಸಾವಿನ ಕಾನೂನು 1986ರಲ್ಲೇ ಬಂದಿತ್ತು. ವಠಾರದಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ನಾನೂ ಆಮೇಲೆ ಯಾವತ್ತೂ ಕೇಳಲಿಲ್ಲ.

ಅಮ್ಮನಿಗೆ ಈಗ ಕಣ್ಣು ಮಂಜು. ದಿನಾ ಸ್ವಲ್ಪ ಓದಿ ಹೇಳುತ್ತೇನೆ. ನಿನ್ನೆ ಈ ಕಥೆ ಓದಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಸೀಮೆಎಣ್ಣೆ ಬಂದ ಕಡೆ ಕೈ ನಿಂತಿತು. ಮುಗಿಯೋವರೆಗೂ ಮಾತಾಡಲಿಲ್ಲ. ನಾನೂ ವಠಾರದ ವಿಷಯ ಎತ್ತಿರಲಿಲ್ಲ.

‘ಆ ಸ್ಟವ್ ಚೆನ್ನಾಗೇ ಇತ್ತು ಕಣೇ’ ಅಂದಳು. ‘ಆಮೇಲೂ ಅವಳ ಅತ್ತೆ ಅದರಲ್ಲೇ ಅಡುಗೆ ಮಾಡ್ತಿದ್ದಳು.’