ಬರೀ ಅರ್ಧ ಲೋಟ ಕಾಫಿ

ನಾನು ಲ್ಯಾಬ್ ಟೆಕ್ನಿಷಿಯನ್. ವಯಸ್ಸಾದವರ ಮಿದುಳಿನ ಬಗ್ಗೆ ಅಧ್ಯಯನ ಮಾಡುವ ತಂಡವೊಂದರಲ್ಲಿ ಕೆಲವು ಕಾಲ ರಕ್ತ ತೆಗೆಯುವ ಕೆಲಸ ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ, ಆಮೇಲೆ ತಿಂಡಿ, ಕೊನೆಗೆ ಎಂಆರ್‌ಐ. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ, ಲೆಪ್ಟಿನ್ (ದೇಹದ ಕೊಬ್ಬಿನಿಂದ ಬಂದು ಮಿದುಳಿಗೆ "ಹೊಟ್ಟೆ ತುಂಬಿತು" ಅನ್ನುವ ಹಾರ್ಮೋನ್) ಎಷ್ಟಿದೆ, ಸ್ಕ್ಯಾನ್‌ನಲ್ಲಿ ಹಿಪೊಕ್ಯಾಂಪಸ್ ಎಷ್ಟು ದೊಡ್ಡದಿದೆ ಅಂತ ಜೋಡಿಸಿ ನೋಡುತ್ತಿದ್ದರು. ಹಿಪೊಕ್ಯಾಂಪಸ್ ಅಂದರೆ ಹೊಸದನ್ನು ನೆನಪಿಡಲು ಬೇಕಾದ, ಕಡಲಕುದುರೆ ಆಕಾರದ ಪುಟ್ಟ ಭಾಗ. ವಯಸ್ಸಾದಂತೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಮರೆವಿನ ಕಾಯಿಲೆಯಾದ ಆಲ್‌ಝೈಮರ್ಸ್ ಬಂದರೆ ಬೇಗ ಕುಗ್ಗುತ್ತದೆ.

ಒಂದು ದಿನ 70 ದಾಟಿದ ಅಜ್ಜಿ ಬಂದರು. "ತಿಂಡಿ ಆಯ್ತಾ ಅಮ್ಮಾ?" ಅಂದೆ. "ಇಲ್ಲಪ್ಪ, ತಿಂಡಿ ಇನ್ನೂ ಆಗಿಲ್ಲ" ಅಂದರು. ಟಿಕ್ ಹಾಕಿದೆ.

ರಿಪೋರ್ಟ್ ಬಂತು: ಸಕ್ಕರೆ 120, ಇನ್ಸುಲಿನ್ 30. ಇವೆರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ, ದೇಹ ಇನ್ಸುಲಿನ್ ಮಾತು ಎಷ್ಟು ಕೇಳುತ್ತಿದೆ ಅನ್ನೋದರ ಅಂದಾಜು ಸಿಗುತ್ತದೆ; ಅಂಕಿ ದೊಡ್ಡದಾದಷ್ಟೂ ಮಾತು ಕೇಳುವುದು ಕಡಿಮೆ. ಬಂದದ್ದು ಹತ್ತಿರ ಹತ್ತಿರ 9. ಡಾಕ್ಟರು ನನ್ನ ಮುಖ ನೋಡಿದರು. ಫೋನ್ ಮಾಡಿ ಕೇಳಿದೆ. "ತಿಂಡಿ ಏನೂ ತಿಂದಿಲ್ಲ ಕಣಪ್ಪ. ಬರೀ ಅರ್ಧ ಲೋಟ ಕಾಫಿ. ಅದಕ್ಕೆ ಎರಡು ಬಿಸ್ಕತ್ತು ಅದ್ದಿಕೊಂಡೆ, ಅಷ್ಟೇ!"

ಸುಳ್ಳು ಹೇಳಿರಲಿಲ್ಲ. ನಾನು ತಿಂಡಿ ಬಗ್ಗೆ ಕೇಳಿದ್ದೆ, ಅವರು ತಿಂಡಿ ಬಗ್ಗೆ ಉತ್ತರ ಕೊಟ್ಟಿದ್ದರು. ವಾರದ ನಂತರ ಮತ್ತೆ ತೆಗೆದಾಗ ಸಕ್ಕರೆ 95, ಇನ್ಸುಲಿನ್ 8. ಲೆಕ್ಕ 2ರೊಳಗೆ ಇಳಿಯಿತು.

ಇದು ಸಣ್ಣ ವಿಷಯ ಅಲ್ಲ. ಇನ್ಸುಲಿನ್ ಮಾತನ್ನು ದೇಹ ಕೇಳದಿದ್ದರೆ ಮಿದುಳಿನ ಗಾತ್ರ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಿಪೊಕ್ಯಾಂಪಸ್‌ನಲ್ಲಿ ಇನ್ಸುಲಿನ್ ಹಿಡಿಯುವ ಜಾಗಗಳು ಬಹಳ. ಲೆಪ್ಟಿನ್ ಕಥೆ ಬೇರೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದವರು 2009ರಲ್ಲಿ ಹೇಳಿದ್ದು: ಲೆಪ್ಟಿನ್ ಜಾಸ್ತಿ ಇದ್ದ ವಯಸ್ಸಾದವರಲ್ಲಿ ಮಿದುಳಿನ ಗಾತ್ರ ಜಾಸ್ತಿ, ಆಲ್‌ಝೈಮರ್ಸ್ ಕಡಿಮೆ. ಹಾಗಂತ ದಪ್ಪ ಆಗೋಣ ಅನ್ನಬೇಡಿ. ಬೊಜ್ಜು ಇದ್ದವರಲ್ಲಿ ಲೆಪ್ಟಿನ್ ತುಂಬಾ ಇದ್ದರೂ ಮಿದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಇಂಥ ಸೂಕ್ಷ್ಮ ಲೆಕ್ಕದೊಳಗೆ ಒಂದು ಲೋಟ ಕಾಫಿ ಬಿದ್ದರೆ, ಆರೋಗ್ಯವಾಗಿರುವ ಅಜ್ಜಿ ತಪ್ಪು ಗುಂಪಿಗೆ ಸೇರಿಬಿಡುತ್ತಾರೆ.

ಇನ್ನೊಂದು ತಪ್ಪೂ ನನ್ನದೇ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕೆಂಪು ಕಣ ಒಡೆದರೆ, ಅದರೊಳಗಿನ ಒಂದು ಕಿಣ್ವ ಹೊರಬಂದು ಸ್ಯಾಂಪಲ್‌ನ ಇನ್ಸುಲಿನ್ ಅನ್ನೇ ತಿಂದುಹಾಕುತ್ತದೆ. ಅದೇ ಕಿಣ್ವ ಮಿದುಳಿನಲ್ಲಿ ಆಲ್‌ಝೈಮರ್ಸ್‌ನ ಕಸವಾದ ಅಮಿಲಾಯ್ಡ್ ಅನ್ನೂ ಒಡೆಯುತ್ತದೆ. ಒಂದು ಕಡೆ ಕಳ್ಳ, ಇನ್ನೊಂದು ಕಡೆ ಪೌರಕಾರ್ಮಿಕ. ಅದು ಗೊತ್ತಾದ ಮೇಲೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಗುಲಾಬಿ ಬಣ್ಣಕ್ಕೆ ತಿರುಗಿದ್ದು, ಅಂದರೆ ಕಣ ಒಡೆದದ್ದು, ಕಂಡರೆ "ಪರವಾಗಿಲ್ಲ ಬಿಡಿ" ಅನ್ನುವುದನ್ನು ಬಿಟ್ಟೆ.

ಪ್ರಶ್ನೆಯನ್ನೂ ಬದಲಿಸಿದೆ. "ಎದ್ದಾಗಿನಿಂದ ಬಾಯಿಗೆ ಏನೇನು ಹೋಯ್ತು?" ಕಷಾಯ, ಮಜ್ಜಿಗೆ, ಎಲೆ ಅಡಿಕೆ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಒಬ್ಬ ಅಜ್ಜ ಮಾತ್ರ "ನೀರೂ ಕುಡಿದಿಲ್ಲ" ಅಂತ ಗಟ್ಟಿಯಾಗಿ ನಿಂತರು. ಅವರ ಬಿಳಿ ಅಂಗಿ ಮೇಲೆ ಒಂದು ಹನಿ ಪಂಚಾಮೃತ ಇತ್ತು.

"ಅದು ಪ್ರಸಾದ ಅಲ್ವೇನಪ್ಪ" ಅಂದರು.