ಸೀತೆ ಅಳುತ್ತಿದ್ದಾಗ ಹನುಮಂತ ಎಲ್ಲಿದ್ದ?

ಕಷ್ಟ ಬಂದಾಗ ವಾಲ್ಮೀಕಿ ರಾಮಾಯಣದ ಸುಂದರಕಾಂಡ ಪಾರಾಯಣದ ಹರಕೆ ಹೊರುವವರು ಬಹಳ ಮಂದಿ. ಒಟ್ಟು 68 ಸರ್ಗ, ಅಂದರೆ ಅಧ್ಯಾಯ. ಕೆಲವರು ದಿನಕ್ಕೊಂದು ಸರ್ಗ ಓದುತ್ತಾರೆ, ಕೆಲವರು ವಾರದೊಳಗೆ ಮುಗಿಸುತ್ತಾರೆ. ಬೇಗ ಮುಗಿಸಿದರೆ ಬೇಗ ಫಲ ಸಿಗಬಹುದು ಅನ್ನುವ ಆಸೆ ಒಳಗೊಳಗೇ ಇರುತ್ತದೆ, ಅಲ್ವಾ? ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುವಾಗ, ಕೈಯಲ್ಲಿದ್ದ ಕೆಲಸ ಹೋಗಿರುವಾಗ ಯಾರಿಗೆ ತಾನೇ ತಾಳ್ಮೆ ಇರುತ್ತದೆ?

ಆದರೆ ಅವಸರ ಮಾಡದೆ ಓದಿದರೆ ನಡುವೆ ಒಂದು ಸನ್ನಿವೇಶ ಸಿಗುತ್ತದೆ. ನನಗೆ ಇಡೀ ಪಾರಾಯಣದ ಜೀವ ಇರುವುದೇ ಅಲ್ಲಿ.

ರಾವಣ ಅಶೋಕವನಕ್ಕೆ ಬಂದು ಎರಡು ತಿಂಗಳ ಗಡುವು ಕೊಟ್ಟು ಹೋಗಿದ್ದಾನೆ. ಸುತ್ತ ರಾಕ್ಷಸಿಯರು ತಿಂದೇಬಿಡುತ್ತೇವೆ ಅಂತ ಹೆದರಿಸುತ್ತಿದ್ದಾರೆ. ರಾಮ ಬದುಕಿದ್ದಾನೋ ಇಲ್ಲವೋ, ನನ್ನನ್ನು ಮರೆತೇಬಿಟ್ಟನೋ ಅಂತ ಸೀತೆ ಗೋಳಾಡುತ್ತಾಳೆ. ಇನ್ನು ಬದುಕುವುದೇ ಬೇಡ ಅನಿಸಿಬಿಡುತ್ತದೆ ಅವಳಿಗೆ. ಎದ್ದು ಬಂದು ಮರದ ಕೊಂಬೆ ಹಿಡಿದು ನಿಲ್ಲುತ್ತಾಳೆ.

ಆ ಹೊತ್ತಿಗೆ ಹನುಮಂತ ಎಲ್ಲಿದ್ದ? ಸಮುದ್ರದ ಆಚೆ ಅಲ್ಲ. ಅಲ್ಲೇ, ಶಿಂಶಪಾ ಮರದ ಎಲೆಗಳ ಮರೆಯಲ್ಲಿ. ರಾವಣ ಬಂದದ್ದನ್ನು ನೋಡಿದ್ದ, ಸೀತೆಯ ಅಳುವನ್ನು ಕೇಳಿಸಿಕೊಂಡಿದ್ದ. ರಾಮ ಕೊಟ್ಟ ಉಂಗುರ ಅವನ ಹತ್ತಿರವೇ ಇತ್ತು.

ಹಾಗಿದ್ದರೆ ಯಾಕೆ ತಕ್ಷಣ ಇಳಿದು ಬರಲಿಲ್ಲ? ಪಂಡಿತರ ಹಾಗೆ ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೇ ವೇಷ ಹಾಕಿ ಬಂದ ಅಂತ ಅವಳು ಬೆಚ್ಚುತ್ತಾಳೆ. ಅವಳು ಚೀರಿದರೆ ಕಾವಲಿನವರು ಆಯುಧ ಹಿಡಿದು ಓಡಿಬರುತ್ತಾರೆ. ಜಗಳದಲ್ಲಿ ತಾನು ಸಿಕ್ಕಿಬಿದ್ದರೆ ಸುದ್ದಿ ರಾಮನಿಗೆ ಮುಟ್ಟುವುದಿಲ್ಲ. ಹಾಗಂತ ಸುಮ್ನಿದ್ದರೆ ಅವಳು ಉಳಿಯುವುದಿಲ್ಲ. ಇದನ್ನೆಲ್ಲ ಯೋಚಿಸಿಯೇ ಅವನು ದಶರಥನಿಂದ ಶುರುಮಾಡಿ ರಾಮನ ಕಥೆಯನ್ನು ಮೆಲ್ಲಗೆ, ಇಂಪಾಗಿ ಹೇಳತೊಡಗುತ್ತಾನೆ. ಆ ತಡವೂ ಅವಳಿಗೋಸ್ಕರವೇ ಆಗಿತ್ತು.

ಇನ್ನೊಂದು ವಿಷಯವನ್ನು ನಾವು ಜಾಸ್ತಿ ಗಮನಿಸುವುದಿಲ್ಲ. ಇದಕ್ಕೂ ಮೊದಲು ಹನುಮಂತನೂ ಸೋತು ಕೂತಿದ್ದ. ಲಂಕೆಯನ್ನೆಲ್ಲ ಹುಡುಕಿದರೂ ಸೀತೆ ಸಿಕ್ಕಿರಲಿಲ್ಲ. ಬರಿಗೈಯಲ್ಲಿ ಹೇಗೆ ವಾಪಸ್ ಹೋಗಲಿ, ಹೋಗುವುದೇ ಬೇಡ ಅಂದುಕೊಂಡಿದ್ದ. ಅತ್ತ ರಾಮನೂ ಸಂಕಟದಲ್ಲೇ ಇದ್ದ. ಪೂರ್ತಿ ದಾರಿ ಇವರಲ್ಲಿ ಯಾರಿಗೂ ಕಂಡಿರಲಿಲ್ಲ. ಆದರೂ ದಾರಿ ಕೂಡಿಬರುತ್ತಿತ್ತು. ಇದನ್ನು ನೆನೆದಾಗ ನನಗೆ ಸಿಗುವಷ್ಟು ಧೈರ್ಯ ಬೇರೆ ಯಾವ ಉಪದೇಶದಿಂದಲೂ ಸಿಕ್ಕಿಲ್ಲ.

ಮನೆಯವರೊಬ್ಬರು ಆಸ್ಪತ್ರೆಯಲ್ಲಿದ್ದಾಗ ಈ ಭಾಗವನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಓದಿದ್ದೆ. ಕಾಯಿಲೆ ಆವತ್ತೇನೂ ವಾಸಿಯಾಗಲಿಲ್ಲ. ರಾತ್ರಿ ಪಾಳಿಯ ನರ್ಸ್ ಒಬ್ಬರು ಪಕ್ಕದಲ್ಲಿ ಕೂತು, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಚೀಟಿಯ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟರು. ಅಷ್ಟೇ. ಆದರೆ ಆ ರಾತ್ರಿ ಕಳೆಯಲು ನನಗೆ ಬೇಕಿದ್ದದ್ದು ಅಷ್ಟೇ ಆಗಿತ್ತು. ಅದನ್ನು ದೇವರೇ ಕಳಿಸಿದ ಅಂತ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಸೀತೆಗೂ ಮೊದಲು ಬಂದದ್ದು ಬಿಡುಗಡೆ ಅಲ್ಲ, ಒಂದು ಉಂಗುರ. ಬೆನ್ನ ಮೇಲೆ ಕೂತುಕೋ, ಈಗಲೇ ಕರೆದುಕೊಂಡು ಹೋಗುತ್ತೇನೆ ಅಂತ ಹನುಮಂತ ಹೇಳಿದ. ಅವಳು ಒಪ್ಪಲಿಲ್ಲ. ನಡುವೆ ರಾಕ್ಷಸರು ಅಡ್ಡ ಬಂದರೆ ನಾನು ಸಮುದ್ರಕ್ಕೆ ಬೀಳಬಹುದು, ರಾವಣನನ್ನು ಗೆದ್ದು ರಾಮನೇ ಕರೆದೊಯ್ಯುವುದು ಸರಿ ಅಂದಳು. ಬೇಗ ಸಿಗುವ ದಾರಿಯನ್ನು ಬಿಟ್ಟು ಸರಿಯಾದ ದಾರಿಗೆ ಕಾಯುವುದು ಎಷ್ಟು ಕಷ್ಟ! ಅದೂ ತಲೆಯ ಮೇಲೆ ಗಡುವಿನ ಕತ್ತಿ ತೂಗುತ್ತಿರುವಾಗ.

ಹಾಗಂತ ಅವಳು ಬಾಯಿ ಮುಚ್ಚಿ ಕೂರಲಿಲ್ಲ. ತಲೆಯ ಆಭರಣ ಚೂಡಾಮಣಿಯನ್ನು ಬಿಚ್ಚಿ ಕೊಟ್ಟಳು. ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಗೆಯ ಕಥೆಯನ್ನು ಗುರುತಿಗೆ ಹೇಳಿ ಕಳಿಸಿದಳು. ಇನ್ನೊಂದು ತಿಂಗಳು ಮಾತ್ರ ಪ್ರಾಣ ಹಿಡಿದಿರುತ್ತೇನೆ, ಅಷ್ಟರೊಳಗೆ ಬಾ ಅಂತ ರಾಮನಿಗೆ ಹೇಳಿ ಕಳಿಸಿದಳು. ದೇವರನ್ನು ನಂಬಿದವರು ಅಳಬಾರದು, ಬೇಗ ಬಾ ಅಂತ ಕೇಳಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸೀತೆಗಿಂತ ದೊಡ್ಡ ನಂಬಿಕೆ ಯಾರದ್ದು? ಅವಳೇ ಅತ್ತಿದ್ದಾಳೆ, ಅವಳೇ ದಿನ ಹೇಳಿ ಕಳಿಸಿದ್ದಾಳೆ.

ಹನುಮಂತ ಅಷ್ಟು ಜೋಪಾನವಾಗಿ ಮಾತಾಡಿದರೂ ಸೀತೆ ಮೊದಲು ಅವನನ್ನು ರಾವಣನೇ ಅಂದುಕೊಂಡಳು. ಸಹಾಯ ಎದುರಿಗೇ ನಿಂತಿದ್ದರೂ ನೊಂದ ಮನಸ್ಸಿಗೆ ನಂಬಲು ಭಯ. ಹಾಗಾಗಿ ಈಗ ಪಾರಾಯಣಕ್ಕೆ ಕೂತಾಗ, ನನ್ನ ಕಷ್ಟ ಬೇಗ ತೀರಲಿ ಅನ್ನುವುದರ ಜೊತೆಗೆ ಇನ್ನೊಂದನ್ನೂ ಬೇಡಿಕೊಳ್ಳುತ್ತೇನೆ: ಸ್ವಾಮಿ, ನೀನು ಕಳಿಸಿದವರು ಬಂದಾಗ ಅವರ ಗುರುತು ನನಗೆ ಸಿಗುವ ಹಾಗೆ ಮಾಡು.