ಸೇಬಿನ ಕೇಕಿನಲ್ಲಿ ಅಳೆಯಬೇಕಾದದ್ದು ನೀರನ್ನು

ಬೇಕರಿಯಲ್ಲಿ ಕೇಕ್ ತಯಾರಿಸುವುದರ ಜೊತೆಗೆ ಹೊಸದಾಗಿ ಸೇರಿದವರಿಗೆ ಕಲಿಸುವ ಹೊಣೆಯೂ ನನ್ನದಾಗಿರುವುದರಿಂದ, ಸೇಬು ಮತ್ತು ದಾಲ್ಚಿನ್ನಿಯ ಕೇಕಿನ ಬಗ್ಗೆ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ: ಮೇಲ್ಭಾಗ ಹೊಂಬಣ್ಣಕ್ಕೆ ಬೆಂದಿರುತ್ತದೆ, ಕತ್ತರಿಸಿದರೆ ನಡುವೆ ಅಂಟಂಟಾಗಿರುತ್ತದೆ. ಇದಕ್ಕೆ ಓವನ್ನನ್ನೋ ಬೇಕಿಂಗ್ ಪೌಡರನ್ನೋ ದೂರುವವರೇ ಹೆಚ್ಚು. ಆದರೆ ನಾನು ಕಂಡಂತೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಸೇಬಿನೊಳಗಿನ ನೀರು.

ಸೇಬಿನ ತೂಕದಲ್ಲಿ ಸುಮಾರು ಶೇ. 85ರಷ್ಟು ನೀರೇ ಇರುತ್ತದೆ. ಓವನ್ನಿನ ಬಿಸಿಗೆ ಹಣ್ಣಿನ ಜೀವಕೋಶಗಳು ಒಡೆದು ಆ ನೀರು ಸುತ್ತಲಿನ ಹಿಟ್ಟಿಗೆ ಇಳಿಯುತ್ತದೆ. ಹೋಳು ದೊಡ್ಡದಾದಷ್ಟೂ ಒಂದೇ ಕಡೆ ಇಳಿಯುವ ನೀರು ಹೆಚ್ಚಾಗಿ, ಅಲ್ಲಿನ ಹಿಟ್ಟು ಗಟ್ಟಿಯಾಗದೆ ಮುದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ‘ಎರಡು ಸೇಬು’ ಎಂದು ಬರೆದಿರುವ ಪಾಕವಿಧಾನವನ್ನು ನಾನು ನಂಬುವುದಿಲ್ಲ. ಒಂದು ದೊಡ್ಡ ಸೇಬು ಚಿಕ್ಕದರ ಎರಡರಷ್ಟು ತೂಗಬಹುದು. ಸಿಪ್ಪೆ ಮತ್ತು ನಡುವಿನ ಬೀಜದ ಭಾಗ ತೆಗೆದು, ಹೋಳು ಮಾಡಿದ ನಂತರದ ತೂಕವೇ ನಿಜವಾದ ಅಳತೆ.

20 ಸೆಂಟಿಮೀಟರ್ ಅಗಲದ ದುಂಡು ಟಿನ್ನಿಗೆ ನಾನು ಹೇಳಿಕೊಡುವ ಲೆಕ್ಕ ಹೀಗಿದೆ: ಮೈದಾ 200 ಗ್ರಾಂ, ಸಕ್ಕರೆ 150 ಗ್ರಾಂ, ಸೇಬಿನ ಹೋಳು 250 ಗ್ರಾಂ, ಎರಡು ಮೊಟ್ಟೆ, ವಾಸನೆಯಿಲ್ಲದ ಎಣ್ಣೆ 120 ಮಿಲಿ, ಹಾಲು 60 ಮಿಲಿ, ಬೇಕಿಂಗ್ ಪೌಡರ್ ಮತ್ತು ದಾಲ್ಚಿನ್ನಿ ಪುಡಿ ಎರಡೆರಡು ಟೀ ಚಮಚ, ಚಿಟಿಕೆ ಉಪ್ಪು. ಹೋಳುಗಳು ಒಂದು ಸೆಂಟಿಮೀಟರಿಗಿಂತ ದಪ್ಪವಿರಬಾರದು. ಸಕ್ಕರೆಯಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಹೋಳುಗಳಿಗೆ ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟರೆ ರಸ ಹೊರಬರುತ್ತದೆ. ಅದನ್ನು ಅಳತೆಯ ಲೋಟಕ್ಕೆ ಬಸಿದು, ಮೇಲೆ ಹಾಲು ಸುರಿದು ಒಟ್ಟು 60 ಮಿಲಿ ಮಾಡಿಕೊಳ್ಳಬೇಕು. ಹಣ್ಣಿನ ಹುಳಿಗೆ ಹಾಲು ಸ್ವಲ್ಪ ಒಡೆದಂತೆ ಕಂಡರೂ ಕೇಕಿಗೆ ತೊಂದರೆಯಿಲ್ಲ. ರುಚಿ ನಷ್ಟವಾಗದಂತೆ ನೀರನ್ನು ಹತೋಟಿಯಲ್ಲಿಡಲು ಇದಕ್ಕಿಂತ ಸುಲಭವಾದ ದಾರಿ ನನಗೆ ಸಿಕ್ಕಿಲ್ಲ.

ಹೋಳುಗಳ ಮೇಲೆ ಮೈದಾ ಉದುರಿಸಿದರೆ ಅವು ತಳಕ್ಕಿಳಿಯುವುದಿಲ್ಲ ಎಂದು ಹಲವರು ಹೇಳುತ್ತಾರೆ. ಮೈದಾ ಹೋಳಿನ ಮೇಲಿನ ತೇವವನ್ನು ಹೀರುತ್ತದೆ, ಅಷ್ಟೇ. ಹೋಳನ್ನು ತಡೆದು ನಿಲ್ಲಿಸುವುದು ಮಿಶ್ರಣದ ದಪ್ಪ. ಚಮಚದಿಂದ ಎತ್ತಿದಾಗ ಮಿಶ್ರಣ ಧಾರೆಯಾಗಿ ಸುರಿಯದೆ ನಿಧಾನವಾಗಿ ಜಾರಿ ಬೀಳುವಂತಿರಬೇಕು. ಮೈದಾ ಹಾಕಿದ ಮೇಲೆ ಒಣಹಿಟ್ಟು ಕಣ್ಣಿಗೆ ಕಾಣದಾದ ಕೂಡಲೇ ಕಲಸುವುದನ್ನು ನಿಲ್ಲಿಸದಿದ್ದರೆ ಗ್ಲುಟೆನ್ ಎಂಬ ಮೈದಾದ ಜಿಗುಟು ಪ್ರೋಟೀನ್ ಬೆಳೆದು ಕೇಕ್ ರಬ್ಬರಿನಂತಾಗುತ್ತದೆ.

ದಾಲ್ಚಿನ್ನಿಯ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುವುದರಿಂದ, ಪುಡಿಯನ್ನು ನಾನು ಮೈದಾದೊಂದಿಗೆ ಜರಡಿ ಹಿಡಿಯುವ ಬದಲು ಮೊದಲೇ ಎಣ್ಣೆಗೆ ಕಲಸಿಡುತ್ತೇನೆ. ದಪ್ಪ ತೊಗಟೆಯ ಕ್ಯಾಸಿಯಾ ಎಂಬ ಬಗೆಯ ದಾಲ್ಚಿನ್ನಿ ಖಾರವಾಗಿಯೂ, ತೆಳ್ಳನೆಯ ಪದರಗಳ ಸಿಲೋನ್ ದಾಲ್ಚಿನ್ನಿ ಮೃದುವಾಗಿಯೂ ಇರುತ್ತದೆ. ಹುಳಿ ಸೇಬಿನ ಜೊತೆ ನನಗೆ ಹಿಡಿಸುವುದು ಕ್ಯಾಸಿಯಾವೇ. ಸಿಹಿ ಸೇಬಾದರೆ ಅದು ಹಣ್ಣಿನ ರುಚಿಯನ್ನು ಮುಚ್ಚಿಹಾಕುತ್ತದೆ.

ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್ನಿನಲ್ಲಿ ಬೇಯಲು ಸುಮಾರು 45ರಿಂದ 50 ನಿಮಿಷ ಬೇಕು. ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬಾರದು. ಟೂತ್‌ಪಿಕ್ ಪರೀಕ್ಷೆ ಈ ಕೇಕಿನಲ್ಲಿ ಮೋಸ ಮಾಡುವುದುಂಟು: ಕಡ್ಡಿ ಸೇಬಿಗೆ ಚುಚ್ಚಿಕೊಂಡರೆ ಬೆಂದ ಕೇಕಿನಿಂದಲೂ ಒದ್ದೆಯಾಗಿ ಬರುತ್ತದೆ. ಹಾಗಾಗಿ ನಡುಭಾಗದ ಆಸುಪಾಸಿನಲ್ಲಿ ಎರಡು ಮೂರು ಕಡೆ ಚುಚ್ಚಿ, ಕಡ್ಡಿಗೆ ಹತ್ತಿರುವುದು ಹಸಿ ಹಿಟ್ಟೋ ಹಣ್ಣಿನ ರಸವೋ ಎಂದು ಬೆರಳಿನಲ್ಲಿ ಉಜ್ಜಿ ನೋಡುವಂತೆ ಹೇಳುತ್ತೇನೆ. ಥರ್ಮಾಮೀಟರ್ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ನಡುವಿನ ಉಷ್ಣತೆ 96ರಿಂದ 98 ಡಿಗ್ರಿ ಮುಟ್ಟಿದ್ದರೆ ಕೇಕ್ ಬೆಂದಿದೆ.

ಹೊರತೆಗೆದ ಕೇಕನ್ನು ಟಿನ್ನಿನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಆವಿ ತಳದಲ್ಲೇ ನೀರಾಗಿ ನಿಲ್ಲುವುದರಿಂದ, ಅದನ್ನು ತಂತಿ ಜಾಲರಿಯ ಮೇಲಿಟ್ಟು ಪೂರ್ತಿ ಆರಲು ಬಿಡಬೇಕು. ಬಿಸಿಯಿರುವಾಗ ಡಬ್ಬಿಗೆ ಹಾಕಿ ಮುಚ್ಚುವಂತಿಲ್ಲ.